ಬೀಗದ ಕಸುಬಿಗೆ ಹೊಸಬರೇ? ಪಿಕ್ ಸಲಕರಣೆಗಳ ಆಯ್ಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೀಗ ರಿಪೇರಿಯ ತರಬೇತಿ ಮುಗಿಸಿದವರು ಮೊದಲು ಮಾಡುವ ಕೆಲಸ ಸಲಕರಣೆ ಕೊಳ್ಳುವುದು. ಹಣ ಪೋಲಾಗುವುದೂ ಹೆಚ್ಚಾಗಿ ಅಲ್ಲೇ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಪಿಕ್‌ಗಳು (ಬೀಗದ ಒಳಗಿನ ಪಿನ್ನುಗಳನ್ನು ಎತ್ತುವ ತೆಳು ಕಡ್ಡಿಗಳು) ಕಡಿಮೆ ಸಾಕು, ಟೆನ್ಷನ್ ರೆಂಚ್‌ಗಳು (ಬೀಗವನ್ನು ತಿರುಗಿಸಲು ಒತ್ತಡ ಹಾಕುವ ಪಟ್ಟಿಗಳು) ಹೆಚ್ಚು ಬೇಕು. ಮುಂದೆ ಏನು ಕೊಳ್ಳಬೇಕು ಎಂಬುದನ್ನು ಮಾರಾಟಗಾರರ ಪಟ್ಟಿ ನೋಡಿ ತೀರ್ಮಾನಿಸಬೇಡಿ, ನಿಮ್ಮ ಕೈಗೆ ಬರುವ ಬೀಗಗಳನ್ನು ನೋಡಿ ತೀರ್ಮಾನಿಸಿ.

ತರಬೇತಿ ಈಗಷ್ಟೇ ಮುಗಿದಿದೆ. ಮೊದಲ ದಿನಕ್ಕೆ ಏನೇನು ಬೇಕು?

ಒಂದು ಗಿಡ್ಡ ಹುಕ್, ಅದಕ್ಕಿಂತ ತುಸು ಎತ್ತರದ ಇನ್ನೊಂದು ಹುಕ್, ತುದಿ ತ್ರಿಕೋನದಂತಿರುವ ಒಂದು ಹಾಫ್ ಡೈಮಂಡ್, ಉಬ್ಬುತಗ್ಗಿನ ತುದಿಯ ಒಂದೆರಡು ರೇಕ್. ಇವುಗಳ ಜೊತೆಗೆ ಬೇರೆ ಬೇರೆ ದಪ್ಪ ಮತ್ತು ಅಗಲದ ಆರೇಳು ಟೆನ್ಷನ್ ರೆಂಚ್‌ಗಳು. ಸಾಮಾನ್ಯ ಪಿನ್ ಟಂಬ್ಲರ್ ಬೀಗಗಳನ್ನು ತೆರೆಯಲು ಇಷ್ಟು ಸಾಕು. ಸಾಕು ಎಂದರೆ ಹೇಗೋ ಸುಧಾರಿಸಿಕೊಂಡು ಹೋಗಬಹುದು ಎಂದಲ್ಲ. ವರ್ಷಗಟ್ಟಲೆ ಈ ಕೆಲಸ ಮಾಡಿದವರ ಚೀಲದಲ್ಲೂ ದಿನನಿತ್ಯ ಹೊರಬರುವುದು ಇವೇ.

ಪಿನ್ ಟಂಬ್ಲರ್ ಬೀಗದ ಮೂಲ ರಚನೆ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ವಿನ್ಯಾಸದಿಂದ ಹೆಚ್ಚು ದೂರ ಬಂದಿಲ್ಲ. ಒಳಗೆ ತಿರುಗುವ ಪ್ಲಗ್, ಅದರ ಮೇಲೆ ಸಾಲಾಗಿ ಸಾಮಾನ್ಯವಾಗಿ ಐದೋ ಆರೋ ಪಿನ್ ಜೋಡಿಗಳು (ಕೆಳಗೊಂದು, ಮೇಲೊಂದು), ಅವುಗಳನ್ನು ಒತ್ತುವ ಸ್ಪ್ರಿಂಗ್‌ಗಳು. ಒಂದೊಂದೇ ಪಿನ್ನನ್ನು ಸರಿಯಾದ ಎತ್ತರಕ್ಕೆ ಏರಿಸಲು ಬೇಕಾದುದು ಒಂದು ಪುಟ್ಟ ಬಾಗು ತುದಿ, ಅಷ್ಟೇ. ಹುಕ್ ಎಂದರೆ ಅದೇ.

ಮೂವತ್ತು, ನಲವತ್ತು ಸಲಕರಣೆಗಳ ಸೆಟ್ ಅಗ್ಗಕ್ಕೆ ಸಿಗುತ್ತದೆ. ಅದನ್ನೇ ಕೊಂಡರೆ ಏನು ತಪ್ಪು?

ಅದರಲ್ಲಿ ನೀವು ಬಳಸುವುದು ನಾಲ್ಕೈದನ್ನು ಮಾತ್ರ. ಉಳಿದವು ಒಂದೇ ಆಕಾರದ ಸಣ್ಣಪುಟ್ಟ ಬದಲಾವಣೆಗಳು, ಇಲ್ಲವೇ ಸೆಟ್ ದೊಡ್ಡದಾಗಿ ಕಾಣಲೆಂದು ತುಂಬಿದವು. ಇನ್ನೂ ಬೇಸರದ ಸಂಗತಿಯೆಂದರೆ, ಇಂಥ ಸೆಟ್‌ಗಳಲ್ಲಿ ಪಿಕ್‌ಗಳು ರಾಶಿ ಇದ್ದರೂ ಟೆನ್ಷನ್ ರೆಂಚ್‌ಗಳು ಮೂರೋ ನಾಲ್ಕೋ ಇರುತ್ತವೆ, ಅವೂ ಒಂದೇ ದಪ್ಪದವು.

ಹೊಸಬರಿಗೆ ಇನ್ನೊಂದು ತೊಂದರೆಯೂ ಇದೆ. ಬೀಗ ತೆರೆಯದಿದ್ದಾಗ ಕೈ ತಾನಾಗಿ ಮತ್ತೊಂದು ಪಿಕ್‌ನತ್ತ ಹೋಗುತ್ತದೆ. ಹತ್ತು ಪಿಕ್ ಬದಲಿಸುವಷ್ಟರಲ್ಲಿ ಬೀಗ ಏನು ಹೇಳುತ್ತಿತ್ತು ಎಂಬುದೇ ಕೈತಪ್ಪಿರುತ್ತದೆ. ಎರಡೇ ಹುಕ್ ಇದ್ದರೆ ನೀವು ಒತ್ತಡವನ್ನು ಬದಲಿಸುತ್ತೀರಿ, ಕೋನವನ್ನು ಬದಲಿಸುತ್ತೀರಿ, ಕಲಿಯುತ್ತೀರಿ. ಅಷ್ಟೇ ಹಣವನ್ನು ಒಳ್ಳೆಯ ಉಕ್ಕಿನ ಐದಾರು ಬಿಡಿ ಪಿಕ್‌ಗಳಿಗೆ ಹಾಕಿ.

ಪಿಕ್ ಎಷ್ಟು ದಪ್ಪ ಇರಬೇಕು?

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಮೂರು ದಪ್ಪಗಳು ಸಿಗುತ್ತವೆ: ಸುಮಾರು 0.64 ಮಿ.ಮೀ., 0.5 ಮಿ.ಮೀ. ಮತ್ತು 0.38 ಮಿ.ಮೀ. ಅಂಗುಲದ ಲೆಕ್ಕದಲ್ಲಿ ಕ್ರಮವಾಗಿ 0.025, 0.020, 0.015. ಅಗಲವಾದ ಕೀಲಿರಂಧ್ರಕ್ಕೆ ಮೊದಲನೆಯದು ಚೆನ್ನ. ಅದು ಬಾಗುವುದಿಲ್ಲ, ಪಿನ್ನಿನ ಸ್ಪರ್ಶವನ್ನು ಬೆರಳಿಗೆ ಸ್ಪಷ್ಟವಾಗಿ ಮುಟ್ಟಿಸುತ್ತದೆ. ಯುರೋಪಿಯನ್ ಮಾದರಿಯ ಅನೇಕ ಸಿಲಿಂಡರ್‌ಗಳಲ್ಲಿ (ಪ್ಲಗ್, ಪಿನ್ನುಗಳಿರುವ ಬೀಗದ ಭಾಗ) ಕೀಲಿರಂಧ್ರದ ಎರಡೂ ಬದಿಯ ಏಣುಗಳು ನಡುಗೆರೆ ದಾಟಿ ಒಳಕ್ಕೆ ಚಾಚಿರುತ್ತವೆ. ಅಲ್ಲಿ ದಪ್ಪ ಪಿಕ್ ಒಳಹೋದರೂ ಮೇಲೆ ಕೆಳಗೆ ಆಡುವುದಿಲ್ಲ. ಅಂಥ ಕಡೆ ತೆಳುವಾದುದೇ ಬೇಕು.

ಆಯ್ಕೆ ಸರಿಯೇ ಎಂದು ನೋಡುವ ಬಗೆ ಸುಲಭ. ಮೊದಲು ಟೆನ್ಷನ್ ರೆಂಚ್ ಇಟ್ಟುಕೊಳ್ಳಿ, ಆದರೆ ಒತ್ತಡ ಹಾಕಬೇಡಿ. ಪಿಕ್ಕನ್ನು ಹಿಂದಿನ ಕೊನೆಯ ಪಿನ್ನಿನವರೆಗೂ ತೂರಿಸಿ, ತುದಿಯನ್ನು ನಿಧಾನವಾಗಿ ಎತ್ತಿ. ಪಿನ್ ಸ್ಪ್ರಿಂಗ್‌ನ ಎದುರು ಮೇಲೇರಿ, ಬಿಟ್ಟಾಗ ಮೃದುವಾಗಿ ಹಿಂದಕ್ಕೆ ಬಂದರೆ ದಪ್ಪ ಸರಿ ಇದೆ. ಲೋಹಕ್ಕೆ ಲೋಹ ಕೆರೆದ ಒರಟು ಅನುಭವವಾದರೆ, ಅಥವಾ ಪಿಕ್ಕಿನ ಕತ್ತು ಮುಂದಿನ ಪಿನ್ನುಗಳನ್ನೂ ಎತ್ತುತ್ತಿದ್ದರೆ, ಅದು ಆ ಬೀಗಕ್ಕೆ ಒಗ್ಗದ ಪಿಕ್. ಏಣಿಗೆ ಉಜ್ಜುವ ಪಿಕ್ ಸುಳ್ಳು ಸುದ್ದಿ ಕೊಡುತ್ತದೆ. ಪಿನ್ ಬಿಗಿಯಾಗಿದೆ ಎಂದು ನೀವು ತಿಳಿಯುತ್ತೀರಿ, ನಿಜಕ್ಕೂ ಬಿಗಿಯಾಗಿರುವುದು ಪಿಕ್.

ದಪ್ಪದವು ಎರಡು, ತೆಳುವಾದವು ಎರಡು ಎಂದು ಆರಂಭಿಸುವುದು ನನ್ನ ಸಲಹೆ. ತೆಳುವಾದವು ಬೇಗ ಬಾಗುತ್ತವೆ, ಹಾಗಾಗಿ ಅವುಗಳಲ್ಲಿ ಒಂದೊಂದು ಹೆಚ್ಚಿಗೆ ಇಟ್ಟುಕೊಳ್ಳಿ.

ಯಾವ ಉಕ್ಕು ಒಳ್ಳೆಯದು?

ಹೆಚ್ಚಾಗಿ ಕಾಣುವುದು 301 ಮತ್ತು 420 ದರ್ಜೆಯ ಸ್ಟೇನ್‌ಲೆಸ್ ಉಕ್ಕು, ಹಾಗೂ ಕಾರ್ಬನ್ ಹೆಚ್ಚಿರುವ ಸ್ಪ್ರಿಂಗ್ ಉಕ್ಕು. 301ಕ್ಕೆ ಗಡಸುತನ ಬರುವುದು ತಣ್ಣಗಿರುವಾಗಲೇ ಒತ್ತಿ ಹಾಳೆ ಮಾಡುವುದರಿಂದ. ಅದು ಮುರಿಯುವ ಮೊದಲು ಬಾಗುತ್ತದೆ, ಅಂದರೆ ಮುನ್ಸೂಚನೆ ಕೊಡುತ್ತದೆ. ಶಾಖದಿಂದ ಹದಗೊಳಿಸಿದ 420 ಇನ್ನೂ ಗಟ್ಟಿ, ಆದರೆ ಮಿತಿ ಮೀರಿದರೆ ತಟ್ಟನೆ ಮುರಿಯಬಹುದು. ಕಾರ್ಬನ್ ಉಕ್ಕಿನ ಸ್ಪರ್ಶ ಚೆನ್ನಾಗಿದ್ದರೂ ಒರೆಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ಹೊಸಬರು ಬಲ ಹೆಚ್ಚು ಹಾಕುತ್ತಾರೆ, ಅದು ಸಹಜ. ಆದ್ದರಿಂದ ಬಾಗುವ ಉಕ್ಕು ಅವರಿಗೆ ಕ್ಷೇಮ. ಗ್ರಾಹಕರ ಬಾಗಿಲಿನ ಸಿಲಿಂಡರ್ ಒಳಗೆ ಪಿಕ್ಕಿನ ತುದಿ ಮುರಿದು ಉಳಿದರೆ, ಬೀಗ ತೆರೆಯುವ ಕೆಲಸದ ಮೇಲೆ ಚೂರು ತೆಗೆಯುವ ಕೆಲಸವೂ ಬಂದು ಕೂರುತ್ತದೆ. ಯಾವ ಉಕ್ಕು ಎಂದು ಹೇಳದ ತಯಾರಕರ ಮಾಲನ್ನು ಕೊಳ್ಳಬೇಡಿ.

ಟೆನ್ಷನ್ ರೆಂಚ್‌ಗೆ ಇಷ್ಟು ಮಹತ್ವ ಯಾಕೆ? ಅದು ಬರೀ ಬಾಗಿಸಿದ ಪಟ್ಟಿಯಲ್ಲವೇ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಿದ್ದರೆ ಇದನ್ನು ಓದಿ.

ಪ್ಲಗ್‌ನಲ್ಲಿ ಕೊರೆದ ತೂತುಗಳು ಎಷ್ಟೇ ನಿಖರವಾಗಿದ್ದರೂ ಒಂದೇ ಗೆರೆಯಲ್ಲಿ ಇರುವುದಿಲ್ಲ. ಕೂದಲೆಳೆಯಷ್ಟು ಅತ್ತಿತ್ತ ಸರಿದಿರುತ್ತವೆ. ಪ್ಲಗ್ ತಿರುಗಿಸಲು ಒತ್ತಡ ಹಾಕಿದಾಗ ಎಲ್ಲ ಪಿನ್ನುಗಳೂ ಒಟ್ಟಿಗೆ ಸಿಕ್ಕಿಕೊಳ್ಳದೆ, ಮೊದಲು ಒಂದು ಮಾತ್ರ ಬಿಗಿಯಾಗುವುದು ಈ ಕಾರಣಕ್ಕೆ. ಅದನ್ನು ಸರಿಯಾದ ಎತ್ತರಕ್ಕೆ ಏರಿಸಿದರೆ ಪ್ಲಗ್ ಒಂದಿಷ್ಟೇ ತಿರುಗಿ ಮೇಲಿನ ಪಿನ್ ಅಂಚಿನ ಮೇಲೆ ಕೂರುತ್ತದೆ, ಮತ್ತೊಂದು ಪಿನ್ ಬಿಗಿಯಾಗುತ್ತದೆ. ಕೈಯಿಂದ ಬೀಗ ತೆರೆಯುವ ವಿದ್ಯೆಯೆಲ್ಲ ನಿಂತಿರುವುದು ಈ ಸಣ್ಣ ದೋಷದ ಮೇಲೆ. ಅದನ್ನು ನಿಮ್ಮ ಬೆರಳಿಗೆ ತಿಳಿಸುವುದು ಪಿಕ್ಕಿಗಿಂತ ಹೆಚ್ಚಾಗಿ ಟೆನ್ಷನ್ ರೆಂಚ್. ಪಿನ್ ಕೂತಾಗ ಬರುವ ಆ ಸಣ್ಣ ‘ಟಿಕ್’ ಕಿವಿಗಿಂತ ಮೊದಲು ರೆಂಚ್ ಮೇಲಿನ ಬೆರಳಿಗೆ ಸಿಗುತ್ತದೆ.

ರೆಂಚನ್ನು ಕೀಲಿರಂಧ್ರದ ಕೆಳತುದಿಯಲ್ಲಿ ಇಡಬಹುದು, ಮೇಲ್ತುದಿಯಲ್ಲೂ ಇಡಬಹುದು. ಕೆಳಗಿಡುವ ರೆಂಚ್‌ಗಳು ಎಲ್‌ ಆಕಾರದವು, ಉದ್ದನೆಯ ಹಿಡಿಯವು, ಕೈಗೆ ಬೇಗ ಒಗ್ಗುತ್ತವೆ. ಆದರೆ ಪಿಕ್ ಆಡಬೇಕಾದ ಜಾಗವನ್ನೇ ಅವು ತಿನ್ನುತ್ತವೆ. ಮೇಲೆ ಇಡುವವು ಗಿಡ್ಡ, ದಪ್ಪ ಪಟ್ಟಿಗಳು. ಮೊದಲ ಪಿನ್ನಿಗಿಂತ ಮುಂಚಿನ ಕಿರಿದಾದ ಜಾಗದಲ್ಲಿ ಬಿಗಿಯಾಗಿ ಕೂತು ರಂಧ್ರವನ್ನೆಲ್ಲ ಪಿಕ್ಕಿಗೆ ಬಿಟ್ಟುಕೊಡುತ್ತವೆ. ತೆರೆಯಲಾಗದು ಎಂದು ಕೈಬಿಟ್ಟ ಬೀಗ, ರೆಂಚನ್ನು ಕೆಳಗಿನಿಂದ ಮೇಲಕ್ಕೆ ಬದಲಿಸಿದ ಮಾತ್ರಕ್ಕೆ ತೆರೆದುಕೊಳ್ಳುವುದು ಅಪರೂಪವೇನಲ್ಲ.

ಮೇಲೆ ಇಡುವ ರೆಂಚ್ ಅಳ್ಳಕವಾಗಿದ್ದರೆ ಜಾರುತ್ತದೆ, ಕೂತ ಪಿನ್ನುಗಳೆಲ್ಲ ಬಿದ್ದುಹೋಗುತ್ತವೆ. ಒಳಕ್ಕೆ ತುಸು ಹೆಚ್ಚು ಚಾಚಿಕೊಂಡರೆ ಮೊದಲ ಪಿನ್ನಿಗೆ ತಾಗುತ್ತದೆ. ಅದಕ್ಕಾಗಿಯೇ ಸುಮಾರು 0.75 ಮಿ.ಮೀ.ನಿಂದ 1.3 ಮಿ.ಮೀ.ವರೆಗೆ ಮೂರು ನಾಲ್ಕು ದಪ್ಪಗಳಲ್ಲಿ ಇವನ್ನು ಇಟ್ಟುಕೊಳ್ಳಬೇಕು. ಕೆಳಗಿಡುವವು ಎರಡು ಮೂರು ಅಗಲಗಳಲ್ಲಿ ಇದ್ದರೆ ಸಾಕು. ತುದಿ ದೊಡ್ಡದಾದರೆ ಸಣ್ಣ ಅರದಿಂದ ಉಜ್ಜಿ ಕೂರಿಸಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ, ರೆಂಚ್ ಇರುವುದೇ ಹಾಗೆ ಹೊಂದಿಸಿಕೊಳ್ಳಲು.

ಸ್ಪ್ರಿಂಗ್ ಸುತ್ತಿರುವ ಟೆನ್ಷನ್ ರೆಂಚ್ ಹೊಸಬರಿಗೆ ಒಳ್ಳೆಯದು ಎನ್ನುತ್ತಾರೆ, ನಿಜವೇ?

ನನಗೆ ಒಪ್ಪಿಗೆಯಿಲ್ಲ. ಒತ್ತಡ ಹೆಚ್ಚಾಗದಂತೆ ಅದು ತಡೆಯುತ್ತದೆ ಎಂಬುದು ಸರಿ, ಆದರೆ ನೀವು ಕಲಿಯಬೇಕಾದ ಸ್ಪರ್ಶವನ್ನು ಅದೇ ಸ್ಪ್ರಿಂಗ್ ನುಂಗಿಬಿಡುತ್ತದೆ. ಗಟ್ಟಿ ಪಟ್ಟಿಯಲ್ಲೇ ಬೆರಳಿನ ಭಾರ ಇಳಿಸುವುದನ್ನು ಅಭ್ಯಾಸ ಮಾಡಿ.

ಹಿಡಿ ಹೇಗಿರಬೇಕು?

ಕೈಗೆ ನೋವಾಗದಿದ್ದರೆ ಸಾಕು. ದಪ್ಪ ರಬ್ಬರ್ ಹಿಡಿ ಕಂಪನವನ್ನು ಹೀರುತ್ತದೆ, ಬರಿಯ ಲೋಹ ಗಂಟೆಗಟ್ಟಲೆ ಹಿಡಿದರೆ ಬೆರಳು ಕೊರೆಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಅಥವಾ ಲೋಹದ ತೆಳು ಹೊದಿಕೆ ಇರುವುದು ಮಧ್ಯದ ದಾರಿ.

ರೇಕ್ ಬಳಸುವುದು ಅಡ್ಡದಾರಿಯೇ?

ಖಂಡಿತ ಅಲ್ಲ. ಹವ್ಯಾಸಕ್ಕೆ ಬೀಗ ಬಿಡಿಸುವವರು ಒಂದೊಂದೇ ಪಿನ್ ಏರಿಸುವುದನ್ನು ಮೇಲೆಂದು ಎಣಿಸಬಹುದು. ಮಳೆಯಲ್ಲಿ ಮನೆ ಹೊರಗೆ ನಿಂತಿರುವ ಗ್ರಾಹಕರಿಗೆ ಬೇಕಾಗಿರುವುದು ಹಾನಿಯಿಲ್ಲದೆ ಬೇಗ ತೆರೆದ ಬಾಗಿಲು. ಅಲೆಯಂಥ ತುದಿಯ ಸ್ನೇಕ್ ರೇಕ್, ಮೂರು ಉಬ್ಬುಗಳ ಬೊಗೋಟಾ ಮಾದರಿಯ ರೇಕ್, ಇವೆರಡೂ ಸಾಮಾನ್ಯ ಬೀಗಗಳಲ್ಲಿ ಹಲವು ಪಿನ್ನುಗಳನ್ನು ಒಮ್ಮೆಲೇ ಕೂರಿಸುತ್ತವೆ. ಹಗುರ ಒತ್ತಡದಲ್ಲಿ ಒಂದೆರಡು ನಿಮಿಷ ರೇಕ್ ಆಡಿಸಿ, ಫಲ ಕಾಣದಿದ್ದರೆ ಹುಕ್ ಹಿಡಿಯಿರಿ. ರೇಕ್‌ನಿಂದ ಮೂರು ಪಿನ್ ಕೂತಿದ್ದರೆ ಒತ್ತಡ ಬಿಡದೆ ಉಳಿದವನ್ನು ಹುಕ್‌ನಿಂದ ಮುಗಿಸಬಹುದು. ರೇಕ್ ಒಂದನ್ನೇ ನಂಬಿ ಕೂರಬೇಡಿ ಎಂಬುದಷ್ಟೇ ನನ್ನ ಎಚ್ಚರಿಕೆ.

ಪಿಕ್ ಗನ್ ಅಥವಾ ವಿದ್ಯುತ್ ಚಾಲಿತ ಪಿಕ್ ಕೊಂಡರೆ ಕೆಲಸ ಬೇಗ ಆಗುವುದಿಲ್ಲವೇ?

ಕೆಲವು ಬೀಗಗಳಲ್ಲಿ ಆಗುತ್ತದೆ. ಗನ್ನಿನ ಸೂಜಿ ಕೆಳಗಿನ ಪಿನ್ನುಗಳಿಗೆ ಒಮ್ಮೆಲೇ ಬಡಿಯುತ್ತದೆ, ಆ ಪೆಟ್ಟು ಮೇಲಿನ ಪಿನ್ನುಗಳಿಗೆ ದಾಟಿ ಅವು ಜಿಗಿಯುತ್ತವೆ. ಕೆಳಗಿನವೂ ಮೇಲಿನವೂ ಬೇರೆಯಾದ ಆ ಕ್ಷಣದಲ್ಲಿ ಪ್ಲಗ್ ತಿರುಗಬೇಕು. ಕ್ಯಾರಂ ಆಟದಲ್ಲಿ ಒಂದು ಕಾಯಿಗೆ ಹೊಡೆದಾಗ ಅದಕ್ಕೆ ಅಂಟಿಕೊಂಡಿದ್ದ ಇನ್ನೊಂದು ಚಿಮ್ಮುವಂತೆಯೇ ಇದು.

ಆದರೆ ಸೂಜಿಗೆ ನೇರ ದಾರಿ ಬೇಕು. ವಕ್ರ ಕೀಲಿರಂಧ್ರದಲ್ಲಿ ಅದು ಆಡುವುದಿಲ್ಲ. ಜಿಗಿತವನ್ನು ತಡೆಯುವ ಪಿನ್ನುಗಳಿರುವ ಬೀಗಗಳಲ್ಲಿ ಫಲ ಕಡಿಮೆ. ಸದ್ದು ಹೆಚ್ಚು. ಬಲವಾಗಿ ಬಳಸಿದರೆ ಹಳೆಯ ಬೀಗದ ಸ್ಪ್ರಿಂಗ್‌ಗಳಿಗೆ ಪೆಟ್ಟು ಬೀಳಬಹುದು. ಗನ್ ಕೊಳ್ಳಿ, ಆದರೆ ಹುಕ್ ಕೈಗೆ ಹತ್ತಿದ ಮೇಲೆ ಕೊಳ್ಳಿ. ಟೆನ್ಷನ್ ಹಿಡಿತ ಬಾರದವರಿಗೆ ಗನ್ನೂ ದಕ್ಕುವುದಿಲ್ಲ.

ಭದ್ರತಾ ಪಿನ್ನುಗಳಿರುವ ಬೀಗಕ್ಕೆ ವಿಶೇಷ ಪಿಕ್ ಬೇಕೇ?

ಬೇಡ. ನಡು ಸಪೂರವಾದ ಸ್ಪೂಲ್ ಪಿನ್, ಅಣಬೆಯಾಕಾರದ ಪಿನ್, ಗೀರುಗಳಿರುವ ಪಿನ್, ಇವೆಲ್ಲ ಪಿಕ್ ಮಾಡುವವರಿಗೆ ಮೋಸ ಮಾಡಲೆಂದೇ ಇಟ್ಟವು. ಸ್ಪೂಲ್ ಸಿಕ್ಕಿಕೊಂಡಾಗ ಪ್ಲಗ್ ಕೆಲವು ಡಿಗ್ರಿ ತಿರುಗಿ ನಿಂತುಬಿಡುತ್ತದೆ, ಬೀಗ ತೆರೆದೇ ಹೋಯಿತು ಅನ್ನಿಸುತ್ತದೆ. ಆ ಪಿನ್ನನ್ನು ಹುಡುಕಿ ಎತ್ತುವಾಗ ಪ್ಲಗ್ ಹಿಂದಕ್ಕೆ ತಳ್ಳುತ್ತದೆ. ಆಗ ಬೆರಳು ಸಡಿಲಿಸಿ ಹಿಂದಕ್ಕೆ ಹೋಗಲು ಬಿಡಬೇಕು, ಪೂರ್ತಿ ಬಿಡಬಾರದು. ಇದಕ್ಕೆ ಬೇಕಾದುದು ಜಾರದೆ ಕೂರುವ ಗಟ್ಟಿ ರೆಂಚ್, ಅದೇ ಹಳೆಯ ಗಿಡ್ಡ ಹುಕ್, ಮತ್ತು ಅಭ್ಯಾಸ.

ಬೇರೆ ಜಾತಿಯ ಬೀಗಗಳಿಗೆ ಬೇರೆ ಸಲಕರಣೆ ಕೊಳ್ಳಲೇಬೇಕೇ?

ಹೌದು, ಆದರೆ ಎಲ್ಲವನ್ನೂ ಈಗಲೇ ಅಲ್ಲ.

ಮೇಜಿನ ಡ್ರಾಯರ್, ಕಪಾಟು, ಅಂಚೆ ಡಬ್ಬಿಗಳಲ್ಲಿ ಕಾಣುವ, ಪಿನ್ನಿನ ಬದಲು ತೆಳು ತಟ್ಟೆಗಳಿರುವ ವೇಫರ್ ಬೀಗಗಳಿಗೆ ಹಾಫ್ ಡೈಮಂಡ್ ಮತ್ತು ರೇಕ್ ಸಾಕು. ಬೀಗದ ಕೈಯ ಆಕಾರದಲ್ಲೇ ಇರುವ ಜಿಗ್ಲರ್‌ಗಳ ಸಣ್ಣ ಗೊಂಚಲೊಂದಿದ್ದರೆ ಇನ್ನೂ ಅನುಕೂಲ.

ಲಿವರ್ ಬೀಗಗಳ ಲೋಕವೇ ಬೇರೆ. ಅಲ್ಲಿ ಪಿನ್ನುಗಳಿಲ್ಲ, ಹಲಗೆಗಳಂತೆ ಒಂದರ ಮೇಲೊಂದು ಕೂತ ಲಿವರ್‌ಗಳಿವೆ. ಪ್ರತಿಯೊಂದನ್ನೂ ಸರಿಯಾದ ಎತ್ತರಕ್ಕೆ ಎತ್ತಿದ ಮೇಲೆ ಬೋಲ್ಟ್ ಸರಿಯುತ್ತದೆ. ಒತ್ತಡ ಹಾಕುವ ಭಾಗ ಮತ್ತು ಲಿವರ್ ಎತ್ತುವ ತಂತಿ ಒಂದರೊಳಗೊಂದು ಕೂತಿರುವ ಜೋಡಿ ಪಿಕ್ ಇದಕ್ಕೆ ಬೇಕು. ಜೆರೆಮಿಯಾ ಚಬ್ 1818ರಲ್ಲಿ ಪೇಟೆಂಟ್ ಪಡೆದ ಡಿಟೆಕ್ಟರ್ ಬೀಗದಲ್ಲಿ ಲಿವರ್ ಅತಿಯಾಗಿ ಎತ್ತಿದರೆ ಸಿಕ್ಕಿಕೊಂಡು, ಯಾರೋ ಕೈಹಾಕಿದ್ದಾರೆ ಎಂದು ಒಡೆಯನಿಗೆ ಸುಳಿವು ಕೊಡುತ್ತಿತ್ತು. ಅಮೆರಿಕದ ಆಲ್ಫ್ರೆಡ್ ಹಾಬ್ಸ್ 1851ರ ಲಂಡನ್ ಮಹಾ ಪ್ರದರ್ಶನದ ಸಮಯದಲ್ಲಿ ಅದನ್ನು ತೆರೆದ. ಅದೇ ವರ್ಷ, ತೆರೆದವರಿಗೆ ಬಹುಮಾನವೆಂದು ಲಂಡನ್ನಿನ ಬ್ರಾಮಾ ಕಂಪನಿ ಸವಾಲೊಡ್ಡಿದ್ದ, ಆರು ದಶಕ ಯಾರಿಗೂ ಜಗ್ಗದಿದ್ದ ಬೀಗವನ್ನೂ ತೆರೆದು 200 ಗಿನಿಗಳ ಬಹುಮಾನ ಪಡೆದ. ಅದಕ್ಕೆ ಅವನು ತೆಗೆದುಕೊಂಡದ್ದು 16 ದಿನಗಳಲ್ಲಿ ಹಂಚಿದ 51 ಗಂಟೆ. ಬಳಸಿದ್ದು ಆ ಒಂದು ಬೀಗಕ್ಕೆಂದೇ ಮಾಡಿಕೊಂಡ ಸಲಕರಣೆಗಳನ್ನು. ಬೀಗವನ್ನು ಮೊದಲು ಅರಿತು, ಸಲಕರಣೆಯನ್ನು ಆಮೇಲೆ ಹೊಂದಿಸುವ ಆ ಕ್ರಮ ಇಂದಿಗೂ ಸರಿ.

ಬೀಗದ ಕೈಯ ಚಪ್ಪಟೆ ಬದಿಯಲ್ಲಿ ಗುಳಿಗಳಿರುವ ಡಿಂಪಲ್ ಬೀಗಗಳಿಗೆ ತುದಿಯಲ್ಲಿ ಪುಟ್ಟ ಬಾವುಟದಂಥ ಚಾಚು ಇರುವ ಪಿಕ್‌ಗಳು ಬೇಕು. ಇಲ್ಲಿ ತುದಿಯನ್ನು ಎತ್ತುವುದಲ್ಲ, ಹಿಡಿಯನ್ನು ಹೊರಳಿಸುವುದು. ಕೊಳವೆಯಾಕಾರದ ಬೀಗದ ಕೈ ಬಳಸುವ ಟ್ಯೂಬುಲರ್ ಬೀಗದಲ್ಲಿ ಹೆಚ್ಚಾಗಿ ಏಳು ಪಿನ್ನುಗಳು ವೃತ್ತಾಕಾರದಲ್ಲಿರುತ್ತವೆ. ಅಳತೆ ಹೊಂದುವ ಟ್ಯೂಬುಲರ್ ಪಿಕ್ ಇಲ್ಲದಿದ್ದರೆ ಪ್ಲಗ್ ತಿರುಗಿದಂತೆಲ್ಲ ಪಿನ್ನುಗಳು ಪಕ್ಕದ ತೂತಿಗೆ ಬಿದ್ದು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಇನ್ನು ಫಿನ್ಲೆಂಡಿನಲ್ಲಿ ಎಮಿಲ್ ಹೆನ್ರಿಕ್‌ಸನ್ 1907ರಲ್ಲಿ ರೂಪಿಸಿದ, ಅಬ್ಲಾಯ್ ಹೆಸರಿನಿಂದ ಪ್ರಸಿದ್ಧವಾದ ತಿರುಗು ತಟ್ಟೆಗಳ ಬೀಗ. ಅದರಲ್ಲಿ ಪಿನ್ ಸ್ಪ್ರಿಂಗ್‌ಗಳೇ ಇಲ್ಲ, ಹುಕ್ ರೇಕ್‌ಗಳಿಗೆ ಕೆಲಸವಿಲ್ಲ. ಅದರ ಪಿಕ್ ದುಬಾರಿ, ಕಲಿಯಲು ಸಮಯ ಬೇಕು. ಮೊದಲ ವರ್ಷ ಅದನ್ನು ಬಿಟ್ಟುಬಿಡಿ.

ವಾಹನಗಳ ಬೀಗಕ್ಕೆ?

ಲಿಶಿ ಮಾದರಿಯ ಸಲಕರಣೆ. ಪಿಕ್, ಟೆನ್ಷನ್, ಅಳತೆಪಟ್ಟಿ ಮೂರೂ ಒಂದರಲ್ಲೇ ಇರುತ್ತವೆ. ತೆರೆದ ಮೇಲೆ ಪ್ರತಿ ವೇಫರಿನ ಆಳವನ್ನು ಓದಿ ಹೊಸ ಬೀಗದ ಕೈ ಕತ್ತರಿಸಬಹುದು. ಆದರೆ ಒಂದು ಲಿಶಿ ಒಂದು ಬಗೆಯ ಕೀಲಿರಂಧ್ರಕ್ಕೆ ಮಾತ್ರ. ನಿಮ್ಮ ಬಳಿಗೆ ಬರುವ ವಾಹನಗಳಲ್ಲಿ ಯಾವ ರಂಧ್ರ ಪದೇ ಪದೇ ಕಾಣುತ್ತದೆಯೋ ಅದಕ್ಕೆ ಹೊಂದುವುದನ್ನು ಮೊದಲು ಕೊಳ್ಳಿ. ಪೂರ್ತಿ ಸೆಟ್ ಬೇಡ. ನಕಲಿ ಲಿಶಿಗಳ ಅಳತೆ ತಪ್ಪಿರಬಹುದು, ಅಳತೆ ತಪ್ಪಿದರೆ ಕತ್ತರಿಸಿದ ಕೈಯೂ ತಪ್ಪುತ್ತದೆ.

ಪಿಕ್ ಅಲ್ಲದ ಸಲಕರಣೆಗಳಲ್ಲಿ ಯಾವುದನ್ನು ಹೊಸಬರು ಮರೆಯುತ್ತಾರೆ?

ಪ್ಲಗ್ ಸ್ಪಿನ್ನರ್. ಬೀಗ ತಪ್ಪು ದಿಕ್ಕಿಗೆ ತಿರುಗಿಕೊಂಡರೆ ಮೊದಲಿನಿಂದ ಪಿಕ್ ಮಾಡುವ ಬದಲು, ಸ್ಪ್ರಿಂಗ್ ಬಲದಿಂದ ಪ್ಲಗ್ಗನ್ನು ಪಿನ್ನುಗಳು ಬೀಳುವಷ್ಟರಲ್ಲಿ ಸರಿಯಾದ ದಿಕ್ಕಿಗೆ ತಿರುಗಿಸಿಬಿಡುತ್ತದೆ. ಅಗ್ಗದ ಸಾಧನ, ಆದರೆ ಒಮ್ಮೆ ಬೇಕಾದಾಗ ಅದಕ್ಕೆ ಬದಲಿಲ್ಲ. ಮುರಿದ ಬೀಗದ ಕೈ ತೆಗೆಯುವ ಕೊಕ್ಕೆ, ತಲೆಗೆ ಕಟ್ಟುವ ದೀಪ, ವರ್ನಿಯರ್ ಕ್ಯಾಲಿಪರ್, ಸಣ್ಣ ಚಿಮುಟ, ಪ್ಲಗ್ ಹೊರತೆಗೆಯುವಾಗ ಪಿನ್ನುಗಳು ಚೆಲ್ಲದಂತೆ ತಡೆಯುವ ಫಾಲೋವರ್, ಪಿನ್ ಇಡುವ ತಟ್ಟೆ, ಇವೂ ಬೇಕು.

ಬೀಗಕ್ಕೆ ಹಾಕಲು ಪಿಟಿಎಫ್‌ಇ (ಟೆಫ್ಲಾನ್) ಆಧಾರಿತ ಒಣ ಲೂಬ್ರಿಕೆಂಟ್ ಇಟ್ಟುಕೊಳ್ಳಿ. ಅಂಟಂಟಾದ ಎಣ್ಣೆ ಧೂಳು ಹಿಡಿದು ಮುಂದೆ ಪಿನ್ನುಗಳನ್ನೇ ಕಟ್ಟಿಹಾಕುತ್ತದೆ. ಎಣ್ಣೆ ಇರುವ ಬೀಗಕ್ಕೆ ಗ್ರಾಫೈಟ್ ಪುಡಿ ಸುರಿಯಲೇಬೇಡಿ, ಎರಡೂ ಸೇರಿ ಕೆಸರಾಗುತ್ತದೆ.

ಪಿಕ್‌ಗಳನ್ನು ನಾನೇ ಮಾಡಿಕೊಳ್ಳಬಹುದೇ?

ಮಾಡಿಕೊಳ್ಳಬಹುದು. ಗರಗಸದ ಪಟ್ಟಿಯಿಂದ ಪಿಕ್, ಗಾಜು ಒರೆಸುವ ವೈಪರ್‌ನ ಒಳಗಿನ ಲೋಹದ ಪಟ್ಟಿಯಿಂದ ಟೆನ್ಷನ್ ರೆಂಚ್ ಮಾಡುವವರು ಬಹಳ ಮಂದಿ. ಯಂತ್ರದಲ್ಲಿ ಉಜ್ಜುವಾಗ ಪದೇ ಪದೇ ನೀರಿಗೆ ಅದ್ದಿ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಹದ ಹೋಗಿ ಮೆತ್ತಗಾಯಿತು ಎಂದರ್ಥ.

ಕೊಂಡ ಪಿಕ್‌ಗಳಿಗೂ ಇದೇ ಆರೈಕೆ ಸಲ್ಲುತ್ತದೆ. ಹೊಸ ಪಿಕ್ಕಿನ ಅಂಚಿನ ಮೇಲೆ ಉಗುರು ಎಳೆದು ನೋಡಿ. ಗೀಚಿದಂತಾದರೆ 600, 1000, 2000 ಅಂಕಿಯ ಎಮರಿ ಕಾಗದದಲ್ಲಿ ಕ್ರಮವಾಗಿ ಉಜ್ಜಿ. ನುಣುಪಾದ ಪಿಕ್ ಪಿನ್ನಿನಿಂದ ಪಿನ್ನಿಗೆ ತಡವರಿಸದೆ ಜಾರುತ್ತದೆ.

ಅಭ್ಯಾಸಕ್ಕೆ ಮನೆಯ ಬಾಗಿಲಿನ ಬೀಗ ಆಗಬಹುದೇ?

ಬಳಕೆಯಲ್ಲಿರುವ ಯಾವ ಬೀಗವೂ ಬೇಡ, ನಿಮ್ಮದೇ ಆಗಿದ್ದರೂ. ಪಿಕ್ ಮಾಡುವಾಗ ಪಿನ್ ಸವೆಯಬಹುದು, ಸ್ಪ್ರಿಂಗ್ ಸರಿಯಬಹುದು, ಬಾಗಿಲು ಮುಚ್ಚಿಯೇ ಉಳಿಯಬಹುದು. ಪಿನ್ ಬದಲಿಸಬಹುದಾದ ಅಭ್ಯಾಸದ ಸಿಲಿಂಡರ್ ಕೊಂಡು, ಎರಡು ಪಿನ್‌ನಿಂದ ಆರಂಭಿಸಿ ಒಂದೊಂದೇ ಹೆಚ್ಚಿಸಿಕೊಳ್ಳಿ. ಆಮೇಲೆ ಸ್ಪೂಲ್‌ಗಳನ್ನು ಸೇರಿಸಿ. ಪಾರದರ್ಶಕ ಪ್ಲಾಸ್ಟಿಕ್ ಬೀಗಗಳು ರಚನೆ ತಿಳಿಯಲು ಸರಿ, ಸ್ಪರ್ಶ ಕಲಿಯಲು ಅಲ್ಲ.

ಈ ಸಲಕರಣೆಗಳನ್ನು ಚೀಲದಲ್ಲಿಟ್ಟು ಓಡಾಡುವುದು ಕಾನೂನುಬದ್ಧವೇ?

ಅದು ನೀವಿರುವ ಜಾಗದ ಕಾನೂನಿಗೆ ಬಿಟ್ಟದ್ದು. ಜಪಾನಿನಲ್ಲಿ 2003ರ ಕಾಯ್ದೆಯ ಪ್ರಕಾರ ಸಕಾರಣವಿಲ್ಲದೆ ಬೀಗ ತೆರೆಯುವ ವಿಶೇಷ ಸಲಕರಣೆ ಇಟ್ಟುಕೊಳ್ಳುವುದೇ ಅಪರಾಧ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಪರಾಧದ ಉದ್ದೇಶ ಇದ್ದರೆ ಮಾತ್ರ ತಪ್ಪು, ಆದರೆ ಕಸುಬು ನಡೆಸಲು ಪರವಾನಗಿ ಬೇಕು. ಕೊಳ್ಳುವ ಮೊದಲೇ ನಿಮ್ಮಲ್ಲಿನ ನಿಯಮ ಓದಿ. ತರಬೇತಿ ಪ್ರಮಾಣಪತ್ರ, ಪರವಾನಗಿ, ಗುರುತಿನ ಚೀಟಿಗಳನ್ನು ಸಲಕರಣೆಗಳ ಚೀಲದಲ್ಲೇ ಇಡಿ.

ಕರೆದವರು ಆ ಮನೆಯವರೇ ಎಂದು ಖಚಿತಪಡಿಸಿಕೊಳ್ಳದೆ ಪಿಕ್ ಹೊರತೆಗೆಯಬೇಡಿ. ಗುರುತಿನ ಚೀಟಿ ಒಳಗಿದೆ ಎಂದರೆ ನೆರೆಯವರನ್ನು ವಿಚಾರಿಸಿ, ಬಾಗಿಲು ತೆರೆದ ಕೂಡಲೇ ಚೀಟಿ ನೋಡಿ ವಿವರ ಬರೆದುಕೊಳ್ಳಿ. ಅನುಮಾನ ಉಳಿದರೆ ಕೆಲಸ ಬಿಟ್ಟು ಹೊರಡಿ. ನಿಜವಾದ ಮನೆಯವರು ಈ ಪ್ರಶ್ನೆಗಳಿಗೆ ಬೇಸರಪಡುವುದು ಕಡಿಮೆ. ಅವರ ಮನೆಗೇ ಅದು ಕಾವಲು.

ಎಷ್ಟು ಹೊತ್ತು ಪಿಕ್ ಮಾಡಿದ ಮೇಲೆ ಡ್ರಿಲ್ ಹಿಡಿಯಬೇಕು?

ಇಪ್ಪತ್ತು ಮೂವತ್ತು ನಿಮಿಷದಲ್ಲಿ ಯಾವ ಪಿನ್ನೂ ಸುದ್ದಿ ಕೊಡದಿದ್ದರೆ ಐದು ನಿಮಿಷ ಕೈ ಬಿಡಿ, ರೆಂಚ್ ಬದಲಿಸಿ ಮತ್ತೊಮ್ಮೆ ನೋಡಿ. ಹಿಂಬಾಗಿಲು, ಕಿಟಕಿ, ಇನ್ನೊಬ್ಬರ ಬಳಿ ಇರುವ ಬೀಗದ ಕೈ, ಇವನ್ನೂ ವಿಚಾರಿಸಿ. ಡ್ರಿಲ್ ಮಾಡಿದರೆ ಸಿಲಿಂಡರ್ ಹಾಳಾಗುತ್ತದೆ, ಹೊಸದು ಹಾಕಲೇಬೇಕು. ಹಾಗಾಗಿ ಖರ್ಚನ್ನು ಮೊದಲೇ ಹೇಳಿ, ಗ್ರಾಹಕರು ಒಪ್ಪಿದ ಮೇಲೆ ಶುರು ಮಾಡಿ.

ಮುಂದಿನ ಸಲಕರಣೆ ಯಾವುದೆಂದು ತಿಳಿಯುವುದು ಹೇಗೆ?

ಒಂದು ಸಣ್ಣ ಪುಸ್ತಕ ಇಡಿ. ಪ್ರತಿ ಕೆಲಸದ ನಂತರ ಬೀಗದ ಬಗೆ, ಕೀಲಿರಂಧ್ರದ ಆಕಾರ, ಯಾವ ರೆಂಚ್ ಕೂತಿತು, ಯಾವ ಪಿಕ್ ನಡೆಯಿತು, ಏನು ಇಲ್ಲದೆ ತೊಂದರೆಯಾಯಿತು ಎಂದು ಎರಡು ಸಾಲು ಬರೆಯಿರಿ. ಗ್ರಾಹಕರ ಹೆಸರು, ವಿಳಾಸ ಮಾತ್ರ ಅದರಲ್ಲಿ ಬೇಡ. ಪುಸ್ತಕ ಕಳೆದುಹೋದರೆ ಅದು ಬೇರೆಯವರ ಕೈಗೆ ಸಿಕ್ಕುತ್ತದೆ. ಮೂರು ಬಾರಿ ಒಂದೇ ಕೊರತೆ ಬರೆದಿದ್ದರೆ ಅದನ್ನು ಕೊಳ್ಳಿ.